ಕಂಪನಿಯ ನೆರವಿಲ್ಲದೆ ಮೊದಲ ಕರ್ನಾಟಕ ಸಂಗೀತ ಆಲ್ಬಮ್ ಹೊರತರುವುದು ಹೇಗೆ?

ಗಾಯನ, ಪಿಟೀಲು, ಮೃದಂಗ ಸೇರಿ ಸುಮಾರು ಒಂದು ಗಂಟೆಯ ಆಲ್ಬಮ್ ಮಾಡಬೇಕು, ಮೊದಲು ಹಾಡಿಟ್ಟು ಆಮೇಲೆ ಪಕ್ಕವಾದ್ಯ ಸೇರಿಸಿದರೆ ಖರ್ಚು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಭಾವಗೀತೆಗೆ ಆ ಪದ್ಧತಿ ನಡೆಯುತ್ತದೆ, ಕೃತಿಗೆ ಒಗ್ಗುವುದಿಲ್ಲ. ಆಲಾಪನೆಯಲ್ಲಿ ಪಿಟೀಲು ನಿಮ್ಮ ಹಿಂದೆಯೇ ಬರಬೇಕು, ಸಂಗತಿ (ಒಂದೇ ಸಾಲಿನ ಬೇರೆ ಬೇರೆ ಸ್ವರವಿನ್ಯಾಸ) ಬೆಳೆದಂತೆ ಮೃದಂಗದ ನುಡಿಸಾಣಿಕೆಯೂ ಬದಲಾಗಬೇಕು. ಪದರ ಪದರವಾಗಿ ಜೋಡಿಸಲು ಕ್ಲಿಕ್, ಅಂದರೆ ಹೆಡ್‌ಫೋನಿನಲ್ಲಿ ಒಂದೇ ಸಮನೆ ಲಯ ತೋರಿಸುವ ಟಿಕ್ ಟಿಕ್ ಸದ್ದು, ಹಾಕಲೇಬೇಕಾಗುತ್ತದೆ. ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲಿನಲ್ಲಿ ಕಾಲಪ್ರಮಾಣ (ಹಾಡಿನ ವೇಗ) ಕೂದಲೆಳೆಯಷ್ಟು ಏರುವುದು ಸಹಜ. ಕ್ಲಿಕ್ ಅದನ್ನೂ ಬಿಡುವುದಿಲ್ಲ. ಹಾಡು ಬಿಗಿದುಕೊಂಡುಬಿಡುತ್ತದೆ.

ಆದ್ದರಿಂದ ಸ್ಟುಡಿಯೋ ಆರಿಸುವಾಗ ಮೈಕಿನ ಬೆಲೆಗಿಂತ ಮೊದಲು ಕೋಣೆಗಳನ್ನು ನೋಡಿ. ಮೃದಂಗಕ್ಕೆ ಬೇರೆ ಕೋಣೆ, ನಡುವೆ ಗಾಜು, ಮೂವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ನೆಲದ ಮೇಲೆ ಕೂತು ಹಾಡಲು ಗಿಡ್ಡ ಸ್ಟ್ಯಾಂಡುಗಳಿವೆಯೇ ಎಂದೂ ಕೇಳಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ತಂಬೂರಿ. ಅದನ್ನು ಕೋಣೆಯಲ್ಲಿ ನುಡಿಸಿದರೆ ನಿಮ್ಮ ಮೈಕಿಗೂ ಪಿಟೀಲಿನ ಮೈಕಿಗೂ ನುಗ್ಗುತ್ತದೆ. ನಾಳೆ ಎರಡು ಟೇಕ್‌ಗಳನ್ನು ಕತ್ತರಿಸಿ ಕೂಡಿಸಿದಾಗ ಮೀಟು ನಡುವೆ ಹಾರಿ, ಬೆಸುಗೆ ಎಲ್ಲಿದೆಯೆಂದು ಕೇಳುಗರಿಗೆ ಗೊತ್ತಾಗುತ್ತದೆ. ಹಾಡುವಾಗ ಅದು ಹೆಡ್‌ಫೋನಿನಲ್ಲಿ ಮಾತ್ರ ಇರಲಿ. ಅದೇ ಶ್ರುತಿಯಲ್ಲಿ ನಿಜವಾದ ತಂಬೂರಿಯನ್ನು ಹದಿನೈದು ಇಪ್ಪತ್ತು ನಿಮಿಷ ಪ್ರತ್ಯೇಕವಾಗಿ ಮುದ್ರಿಸಿಕೊಂಡು ಮಿಕ್ಸಿಂಗ್‌ನಲ್ಲಿ ಸೇರಿಸಿ. ಆ್ಯಪ್‌ನ ತಂಬೂರಿ ಬಳಸಿದರೆ ಇನ್ನೊಂದು ತೊಂದರೆಯೂ ಇದೆ: ಅದೇ ಧ್ವನಿ ಬೇರೆಯವರ ಆಲ್ಬಮ್‌ನಲ್ಲೂ ಇರುವುದರಿಂದ ಒಂದೇ ಧ್ವನಿಯನ್ನು ಪತ್ತೆಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ನಿಮ್ಮ ಆಲಾಪನೆಯ ಮೇಲೆ ಸುಳ್ಳು ತಕರಾರು ಎತ್ತಬಹುದು.

ಏಸಿಯನ್ನು ಮುದ್ರಣಕ್ಕೆ ಒಂದು ಗಂಟೆ ಮೊದಲೇ ಹಾಕಿಸಿ, ವಾದ್ಯಗಳು ಆ ಕೋಣೆಯಲ್ಲೇ ಕಾಯಲಿ. ಒಣ ಗಾಳಿಗೆ ಚರ್ಮ ಬಿಗಿದು ಮೃದಂಗದ ಶ್ರುತಿ ಏರುತ್ತದೆ, ಎಡಗಡೆಗೆ ಮೆತ್ತಿದ ರವೆಯೂ ಬೇಗ ಒಣಗಿ ಗುಂಕಿ (ಎಡಗೈಯ ಗಂಭೀರ ನಾದ) ಸತ್ತುಹೋಗುತ್ತದೆ. ಪ್ರತಿ ಕೃತಿಗೂ ಮೊದಲು ಶ್ರುತಿ ನೋಡಿಕೊಳ್ಳಿ. ಇಲ್ಲದಿದ್ದರೆ ಬೆಳಗಿನ ಪಲ್ಲವಿ ಮಧ್ಯಾಹ್ನದ ಚರಣದ ಪಕ್ಕದಲ್ಲಿ ನಿಲ್ಲುವುದಿಲ್ಲ.

ಮುದ್ರಣ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಸಾಕು. ತಾರಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡಿದಾಗಲೂ ಮಟ್ಟ ಮೈನಸ್ 10 ಡಿಬಿ ಆಸುಪಾಸಿನಲ್ಲಿರಲಿ. ಬಾಯಿಯಿಂದ ಮೈಕಿಗೆ ಒಂದು ಗೇಣು, ನಡುವೆ ಪಾಪ್ ಫಿಲ್ಟರ್. ಮೃದಂಗಕ್ಕೆ ಎರಡೂ ಬದಿಗೆ ಒಂದೊಂದು ಮೈಕು. ಪಿಟೀಲಿಗೆ ಕಛೇರಿಯಲ್ಲಿ ಅಂಟಿಸುವ ಪಿಕಪ್ ಬೇಡ, ಮೇಲಿನಿಂದ ಒಂದೂವರೆ ಅಡಿ ದೂರದಲ್ಲಿ ಮೈಕು ಇಡಿಸಿ. ಎಲ್ಲಾದರೂ ತಪ್ಪಿದರೆ ಆ ಸಾಲಿನಿಂದಲೇ ಮುಂದುವರಿಸಬೇಡಿ. ಹಿಂದಿನ ಎರಡು ಆವರ್ತ (ತಾಳದ ಸುತ್ತು) ಕೇಳಿಸಿಕೊಂಡು ಪಲ್ಲವಿಯ ಎಡುಪಿನಿಂದ, ಅಂದರೆ ತಾಳದಲ್ಲಿ ಅದು ಶುರುವಾಗುವ ಜಾಗದಿಂದ, ಹಾಡಿ. ಕಾಲಪ್ರಮಾಣ ಕೂಡಿದರೆ ಮಾತ್ರ ಜೋಡಣೆ ಸಾಧ್ಯ. ಮನೆಗೆ ಹೊರಡುವ ಮುನ್ನ ಪ್ರತಿ ಮೈಕಿನ ಮೂಲ ಫೈಲನ್ನೂ ಎರಡು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ.

ಸಿನಿಮಾ ಹಾಡಿಗೆ ಒಗ್ಗಿಹೋದ ಎಂಜಿನಿಯರ್ ಆದರೆ ಎರಡು ಮಾತು ಮೊದಲೇ ಹೇಳಿಬಿಡಿ. ಪಿಚ್ ತಿದ್ದುವ ಸಾಫ್ಟ್‌ವೇರ್ ಬೇಡ: ಅದು ಧ್ವನಿಯನ್ನು ಹನ್ನೆರಡು ಸ್ಥಾನಗಳಿಗೆ ಎಳೆದು ಕೂರಿಸುತ್ತದೆ, ತೋಡಿಯ ಗಾಂಧಾರದ ಓಲಾಟ ಅದಕ್ಕೆ ದೋಷವಾಗಿ ಕಾಣುತ್ತದೆ. ನಾಯ್ಸ್ ರಿಡಕ್ಷನ್ ಕೂಡ ತಂಬೂರಿ ಸೇರಿದ ಮೇಲೆ ಬೇಡ, ಎಡೆಬಿಡದ ನಾದವನ್ನೇ ಅದು ಗದ್ದಲವೆಂದು ತಿನ್ನುತ್ತದೆ. ಮಾಸ್ಟರಿಂಗ್‌ನಲ್ಲೂ ಜೋರು ಮಾಡುವ ಹಟ ವ್ಯರ್ಥ. ಸ್ಪಾಟಿಫೈ ಹೇಗೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತ ತಗ್ಗಿಸುತ್ತದೆ. ಶಿಖರ ಮೈನಸ್ 1 ಡಿಬಿ ದಾಟದಿದ್ದರೆ ಸಾಕು.

ಹಕ್ಕಿನ ವಿಷಯಕ್ಕೆ ಹಾಡುಗಳನ್ನು ಆರಿಸುವಾಗಲೇ ಗಮನ ಕೊಡಿ. ನಮ್ಮ ಕಾನೂನಿನಲ್ಲಿ ರಚನೆಯ ಹಕ್ಕು ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳ ಕೃತಿಗಳಿಗೆ ಯಾವ ಅಡ್ಡಿಯೂ ಇಲ್ಲ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಹಾಗಾಗಿ 2022ರಿಂದ ಅವರ ರಚನೆಗಳೂ ಮುಕ್ತ. ಜಯಚಾಮರಾಜ ಒಡೆಯರ್ ಅವರದಕ್ಕೆ 2034ರ ಕೊನೆಯವರೆಗೆ ಅನುಮತಿ ಬೇಕು. ಹೆಚ್ಚಿನವರು ಎಡವುವುದು ದೇವರನಾಮದಲ್ಲಿ: ಸಾಹಿತ್ಯ ಪುರಂದರದಾಸರದಾದರೂ ನಾವು ಹಾಡುವ ಧಾಟಿಯನ್ನು ಇತ್ತೀಚಿನ ವಿದ್ವಾಂಸರೊಬ್ಬರು ಕೂಡಿಸಿರಬಹುದು. ಧಾಟಿ ಯಾರದೆಂದು ಗುರುಗಳನ್ನು ಕೇಳಿ ತಿಳಿದುಕೊಳ್ಳಿ. ಪಕ್ಕವಾದ್ಯದವರ ಸಂಭಾವನೆ, ಒಪ್ಪಿಗೆ ಎರಡನ್ನೂ ಮುದ್ರಣಕ್ಕೆ ಮೊದಲೇ ಒಂದು ಪುಟದಲ್ಲಿ ಬರೆದು ಸಹಿ ಮಾಡಿಸಿ. ವಾದಕರಿಗೂ ಕಾನೂನಿನಲ್ಲಿ ಹಕ್ಕಿದೆ.

ಬಿಡುಗಡೆಗೆ ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರು ಸಾಕು. ಪ್ರತಿ ಮುದ್ರಣವನ್ನು ಗುರುತಿಸುವ ಐಎಸ್‌ಆರ್‌ಸಿ ಸಂಖ್ಯೆಯನ್ನೂ ಅವರೇ ಕೊಡುತ್ತಾರೆ. ಮುಖಪುಟದ ಚಿತ್ರ 3000 x 3000 ಪಿಕ್ಸೆಲ್ ಇರಲಿ. ಸಂಯೋಜಕರ ಜಾಗದಲ್ಲಿ ನಿಮ್ಮ ಹೆಸರು ಹಾಕಬೇಡಿ, ಕೃತಿ ರಚಿಸಿದ ವಾಗ್ಗೇಯಕಾರರ ಹೆಸರು ಬರೆಯಿರಿ. ಶೀರ್ಷಿಕೆಯಲ್ಲಿ ಕೃತಿ, ರಾಗ, ತಾಳ ಎಲ್ಲ ಹಾಡಿಗೂ ಒಂದೇ ಕ್ರಮದಲ್ಲಿರಲಿ. ಪಿಟೀಲು, ಮೃದಂಗ ನುಡಿಸಿದವರನ್ನು ಪ್ರತಿ ಟ್ರ್ಯಾಕಿಗೂ ನಮೂದಿಸಿ. ನಲವತ್ತು ನಿಮಿಷದ ಮುಖ್ಯ ಕೃತಿಯನ್ನು ಆಲಾಪನೆ, ಕೃತಿ, ತನಿ (ಮೃದಂಗ ಒಂಟಿಯಾಗಿ ನುಡಿಸುವ ಭಾಗ) ಎಂದು ಬಿಡಿಸುವುದು ಒಳ್ಳೆಯದು. ಆದರೆ ತಂಬೂರಿ ಕಡಿಯದಂತೆ ನಡುವೆ ಒಂದಿಷ್ಟೂ ಮೌನ ಸೇರಿಸದೆ ಕತ್ತರಿಸಬೇಕು. ಫೈಲುಗಳನ್ನು ನಾಲ್ಕು ವಾರ ಮುಂಚೆ ಕಳಿಸಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಲು ಬಿಡುಗಡೆಗೆ ಕನಿಷ್ಠ ಏಳು ದಿನವಾದರೂ ಮೊದಲು ಅದು ಅವರ ವ್ಯವಸ್ಥೆಯಲ್ಲಿರಬೇಕು. ನಿಮ್ಮದೇ ಹೆಸರಿನ ಬೇರೆ ಗಾಯಕರ ಪುಟಕ್ಕೆ ಆಲ್ಬಮ್ ಸೇರಿಹೋಗಿದ್ದರೆ ಸರಿಪಡಿಸಲೂ ಆ ಅವಧಿಯಲ್ಲಿ ಸಮಯ ಸಿಗುತ್ತದೆ.