ಓದುಗರ ಪ್ರಶ್ನೆ: 1786ರಲ್ಲಿ ಕಾವ್ಯಲೋಕಕ್ಕೆ ಬಂದ ರೈತಕವಿ

ಪ್ರಶ್ನೆ: ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಕಾವ್ಯವನ್ನು ಕುರಿತ ಬರಹಗಳಲ್ಲಿ 1786ನೆಯ ವರ್ಷಕ್ಕೆ ವಿಶೇಷ ಸ್ಥಾನವಿದೆ. ಇದಕ್ಕೆ ಕಾರಣವೇನು?

ಉತ್ತರ: ಆ ವರ್ಷದ ಜುಲೈ 31ರಂದು ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಪಟ್ಟಣದ ಮುದ್ರಕ ಜಾನ್ ವಿಲ್ಸನ್, 27 ವರ್ಷ ವಯಸ್ಸಿನ ಗೇಣಿ ರೈತ ರಾಬರ್ಟ್ ಬರ್ನ್ಸ್ ಅವರ ಮೊದಲ ಕವನಸಂಕಲನವನ್ನು ಹೊರತಂದರು. ಮುಂಗಡ ಚಂದಾದಾರರ ನೆರವಿನಿಂದ ಅಚ್ಚಾದ ಪ್ರತಿಗಳು 612, ಬೆಲೆ ಮೂರು ಶಿಲ್ಲಿಂಗ್. ಬೇಸಾಯದಲ್ಲಿ ಸೋತು, ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ಜಮೈಕಾದ ತೋಟವೊಂದರಲ್ಲಿ ಕೆಲಸಕ್ಕೆ ಸೇರಲು ಹೊರಟಿದ್ದ ಕವಿ (ಈ ಸಂಗತಿಯನ್ನು ಮರೆಮಾಚಬಾರದು), ಪುಸ್ತಕಕ್ಕೆ ದೊರೆತ ಆದರದಿಂದಾಗಿ ಆ ಯೋಜನೆಯನ್ನು ಕೈಬಿಟ್ಟು ನವೆಂಬರಿನಲ್ಲಿ ಎಡಿನ್‌ಬರೋಗೆ ತೆರಳಿದರು. ಡಿಸೆಂಬರಿನಲ್ಲಿ ವಿಮರ್ಶಕ ಹೆನ್ರಿ ಮೆಕೆಂಜಿ ಅವರು ಬರ್ನ್ಸ್ ಅವರನ್ನು ದೈವವೇ ಕಲಿಸಿದ ನೇಗಿಲಯೋಗಿ ಎಂಬರ್ಥದಲ್ಲಿ ಕೊಂಡಾಡಿದರು. ಈ ಹೊಗಳಿಕೆ ಅರ್ಧಸತ್ಯವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಬರ್ನ್ಸ್ ಅವರು ಇಂಗ್ಲಿಷ್ ಕವಿ ಪೋಪ್, ಸ್ಕಾಟಿಷ್ ಕವಿಗಳಾದ ರ‍್ಯಾಮ್ಸೆ, ಫರ್ಗುಸನ್ ಮೊದಲಾದವರನ್ನು ಆಳವಾಗಿ ಓದಿಕೊಂಡಿದ್ದರು. ನೇಗಿಲಿಗೆ ಸಿಕ್ಕಿ ಗೂಡು ಕಳೆದುಕೊಂಡ ಇಲಿಯನ್ನು ತನ್ನಂತೆಯೇ ಮಣ್ಣಿನಲ್ಲಿ ಹುಟ್ಟಿದ ಬಡ ಸಂಗಾತಿಯೆಂದು ಸ್ಕಾಟ್ಸ್ ನುಡಿಯಲ್ಲಿ ಸಂಬೋಧಿಸುವ ಕವಿತೆಯೊಂದೇ ಸಾಕು, ಆ ಓದು ಮತ್ತು ಹೊಲದ ಅನುಭವ ಎಷ್ಟು ಗಾಢವಾಗಿ ಬೆರೆತಿದ್ದವೆಂಬುದನ್ನು ತಿಳಿಯಲು.