ಕುಲಾವಿಯನ್ನು ಮೊದಲೇ ಹೊಲಿಸಿಡಿ

ಕೊಡಗಿನ ನಾಪೋಕ್ಲಿನಿಂದ ಆಚೆಗಿನ ಹಳ್ಳಿಯೊಂದರಿಂದ ನಮ್ಮ ಹಳೆಯ ಚಂದಾದಾರರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

“ಮಗಳು ಮೊದಲ ಹೆರಿಗೆಗೆಂದು ಬೆಂಗಳೂರಿನಿಂದ ಮನೆಗೆ ಬಂದಿದ್ದಾಳೆ. ಡಾಕ್ಟರು ಹೇಳಿರುವ ದಿನ ಜೋರು ಮಳೆಯ ಕಕ್ಕಡ ತಿಂಗಳ ನಡುವೆ ಬೀಳುತ್ತದೆ. ಬಂದ ವಾರದಲ್ಲೇ ಬೀರುವಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದಾಳೆ. ಮಗುವಿನ ಬಟ್ಟೆ ಒಗೆದು ಚೀಲಕ್ಕೆ ತುಂಬಿಯಾಗಿದೆ, ಜೀಪಿನವನಿಗೆ ಎರಡು ಸಲ ಫೋನ್ ಮಾಡಿಯಾಗಿದೆ. ಈಗ ಹತ್ತು ದಿನ ಮೊದಲೇ ಮಡಿಕೇರಿಯ ಚಿಕ್ಕಮ್ಮನ ಮನೆಗೆ ಹೋಗಿ ಇರುತ್ತೇನೆ ಎನ್ನುತ್ತಾಳೆ. ನಾನು ಮೂವರನ್ನು ಹೆತ್ತೆ, ಒಂದು ಚಿಂದಿ ಬಟ್ಟೆಯನ್ನೂ ಮೊದಲೇ ತೆಗೆದಿಟ್ಟವಳಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಈಗಿನವರ ಈ ಅವಸರದ ಬಗ್ಗೆ ತಾವು ನಾಲ್ಕು ಮಾತು ಬರೆಯಬೇಕು.”

ಅಕ್ಕ, ಬರೆಯುತ್ತೇನೆ. ಆದರೆ ಈ ವಿಷಯ ಬಂದರೆ ನಾನು ನಾಲ್ಕು ಮಾತಿಗೆ ನಿಲ್ಲುವವನಲ್ಲ ಎಂಬುದು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಪರವಾಗಿ ಬರೆಯುತ್ತೇನೆಂಬ ಭರವಸೆಯನ್ನೂ ಕೊಡಲಾರೆ.

ನಿಮ್ಮ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ತಿಂಗಳು ತುಂಬುವ ಮೊದಲೇ ಹೋಗುತ್ತಿದ್ದ ಕಾಲದಲ್ಲಿ, ಬರಿದಾದ ತೊಟ್ಟಿಲನ್ನೂ ಮಡಿಸಿಟ್ಟ ಪುಟ್ಟ ಅಂಗಿಯನ್ನೂ ಆ ತಾಯಿಯ ಕಣ್ಣಿಗೆ ಬೀಳಿಸಬಾರದೆಂದು ಯಾವಳೋ ಅಜ್ಜಿ ಈ ಕಟ್ಟಳೆಯನ್ನು ಮಾಡಿರಬೇಕು. ಅದರಲ್ಲಿ ಕರುಣೆಯಿತ್ತು. ಇಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಗಾದೆಯ ಮಾತಿಗೆ ಬಂದರೆ, ಅದು ಬಾಣಂತಿಯ ಕೋಣೆಯಲ್ಲಿ ಹುಟ್ಟಿದ ಗಾದೆಯೆಂದು ನನಗೆ ಅನ್ನಿಸುವುದಿಲ್ಲ. ಅದನ್ನು ಹೇಳಬೇಕಾದದ್ದು ಕಾಫಿ ಗಿಡದಲ್ಲಿ ಹೂ ಬಿಡಿಸುವ ಹೂಮಳೆ ಬೀಳುವ ಮೊದಲೇ ಫಸಲನ್ನು ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ಸಾಲ ತೆಗೆದು, ಆ ಸಾಲದಲ್ಲಿ ಕಾರು ಕೊಳ್ಳುವ ನಮ್ಮಂಥ ಗಂಡಸರಿಗೆ. ಎಂಟು ತಿಂಗಳು ತುಂಬಿದ ಬಸುರಿಗೆ ಹೇಳುವ ಮಾತಲ್ಲ. ಅವಳ ಕೂಸು ಬರುವುದು ಖಂಡಿತ, ಬರುವ ದಿನ ಮಾತ್ರ ಖಂಡಿತವಿಲ್ಲ. ಡಾಕ್ಟರು ಬರೆದುಕೊಟ್ಟ ದಿನದಂದೇ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದು ಇದ್ದರೆ ಹೆಚ್ಚು, ಉಳಿದವು ಎರಡು ವಾರ ಹಿಂದೆಯೋ ಮುಂದೆಯೋ ತಮ್ಮ ಮನಸ್ಸಿಗೆ ಬಂದಾಗ ಬರುತ್ತವೆ. ಇನ್ನೊಂದು ಮಾತು ಕೇಳುತ್ತೇನೆ. ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುವ ರೂಢಿಯಿತ್ತಲ್ಲ, ಆ ಮದ್ದುಗುಂಡನ್ನು ಮಗು ಅತ್ತ ಮೇಲೆ ಪೇಟೆಗೆ ಹೋಗಿ ತರುತ್ತಿದ್ದರೇ? ಕೋವಿ ಮೊದಲೇ ಸಿದ್ಧವಿರುತ್ತಿತ್ತು, ಅದನ್ನು ಯಾರೂ ಅಪಶಕುನ ಎನ್ನಲಿಲ್ಲ. ಅಪಶಕುನವೆಲ್ಲ ಹೆಂಗಸು ಮಡಿಸಿಡುವ ಬಟ್ಟೆಗೆ ಮಾತ್ರ. (ಹೆಣ್ಣು ಮಗುವಿಗೆ ಆ ಗುಂಡು ಏಕಿರಲಿಲ್ಲ ಎಂಬುದನ್ನು ಬೇರೆ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.)

ನನ್ನದೇ ಕಥೆ ಹೇಳಿಬಿಡುತ್ತೇನೆ. 33 ವರ್ಷದ ಹಿಂದೆ, ಇದೇ ಕಕ್ಕಡದಲ್ಲಿ, ನನ್ನ ಹೆಂಡತಿಗೆ ಇನ್ನೂ ಹನ್ನೆರಡು ದಿನ ಇದೆ ಎಂಬ ಧೈರ್ಯದಲ್ಲಿ ನಾನು ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತ ಕೂತಿದ್ದೆ. ನಮ್ಮ ತಾಯಿಯೂ ನಿಮ್ಮ ಪಕ್ಷದವರೇ. ಮನೆಯಲ್ಲಿ ಒಂದು ತುಂಡು ಬಟ್ಟೆ ತೆಗೆದಿಟ್ಟಿರಲಿಲ್ಲ. ರಾತ್ರಿ ಹತ್ತಕ್ಕೆ ನೀರು ಒಡೆಯಿತು. ಕರೆಂಟು ಹೋಗಿ ಮೂರು ದಿನವಾಗಿತ್ತು, ಗೊತ್ತಿದ್ದ ಒಬ್ಬನೇ ಜೀಪಿನವನು ಸಂಬಂಧಿಕರ ಮನೆಗೆ ಹೋಗಿದ್ದ. ಕಡೆಗೆ ತೋಟದ ಟ್ರ್ಯಾಕ್ಟರಿನಲ್ಲಿ ಹೊರಟೆವು. ಎರಡನೆಯ ತಿರುವಿನಲ್ಲಿ ಸಿಲ್ವರ್ ಮರ ಅಡ್ಡ ಬಿದ್ದಿತ್ತು. ತೋಟದ ಕೂಲಿಯವರಿರುವ ಲೈನ್ ಮನೆಯಿಂದ ಎದ್ದು ಬಂದ ನಾಲ್ಕು ಜನ ಮಳೆಯಲ್ಲೇ ಕೊಡಲಿ ಹಿಡಿದು ಅದನ್ನು ಕಡಿದರು. ನಾನು ಟಾರ್ಚ್ ಹಿಡಿದಿದ್ದೆ, ಆ ರಾತ್ರಿ ನಾನು ಮಾಡಿದ ಕೆಲಸ ಅಷ್ಟೇ. ಆಸ್ಪತ್ರೆ ಮುಟ್ಟಿ ಅರ್ಧ ಗಂಟೆಯಲ್ಲಿ ಮಗಳು ಹುಟ್ಟಿದಳು. ನರ್ಸಮ್ಮ ಒಣಗಿದ ಬಟ್ಟೆ ಕೊಡಿ ಎಂದರು. ನಮ್ಮಲ್ಲಿದ್ದದ್ದೆಲ್ಲ ತೊಯ್ದಿತ್ತು. ಪಕ್ಕದ ಹಾಸಿಗೆಯಲ್ಲಿ ಇನ್ನೂ ಹೆರಿಗೆಯಾಗದೆ ನೋವು ತಿನ್ನುತ್ತಿದ್ದ ಒಬ್ಬ ಹೆಣ್ಣುಮಗಳು ಮಾತಾಡದೆ ತನ್ನ ಚೀಲದತ್ತ ಕೈ ತೋರಿಸಿದಳು. ಅದರಲ್ಲಿ ಬಿಸಿಲಿಗೆ ಒಣಗಿಸಿ ಮಡಿಸಿದ ಹಳೆಯ ಪಂಚೆಯ ತುಂಡುಗಳಿದ್ದವು, ಎರಡು ಕುಲಾವಿಗಳಿದ್ದವು. ನನ್ನ ಮಗಳ ತಲೆಗೆ ಮೊದಲು ಬಿದ್ದದ್ದು ಹೆಸರೂ ಕೇಳಿಕೊಳ್ಳದ ಆ ಹೆಂಗಸಿನ ಕುಲಾವಿ. ಮರುದಿನ ಅವಳಿಗೂ ಮಗು ಆಯಿತು, ಚೆನ್ನಾಗಿತ್ತು. ಮೊದಲೇ ಹೊಲಿಸಿದ್ದರಿಂದ ಯಾವ ಕೇಡೂ ಆಗಲಿಲ್ಲ.

ಬಯಲುಸೀಮೆಯಲ್ಲಿ ಈ ಗಾದೆಯನ್ನು ನಂಬಿ ಕೂತರೂ ನಡೆದೀತು. ಅಲ್ಲಿ ಒಗೆದ ಬಟ್ಟೆ ಗಂಟೆಯಲ್ಲಿ ಒಣಗುತ್ತದೆ. ನಮ್ಮಲ್ಲಿ ಕಕ್ಕಡದಲ್ಲಿ ಒಂದು ಲಂಗೋಟಿ ಒಣಗಲು ಮೂರು ದಿನ ಬೇಕು, ಹುಟ್ಟಿದ ಮಗು ದಿನಕ್ಕೆ ಹತ್ತು ಹನ್ನೆರಡು ಒದ್ದೆ ಮಾಡುತ್ತದೆ. ಲೆಕ್ಕ ನೀವೇ ಹಾಕಿ. ತ್ರಿವೇಣಿ ಸಂಗಮ ಉಕ್ಕಿದರೆ ಭಾಗಮಂಡಲದ ಕಡೆಯವರಿಗೂ, ಕಾವೇರಿ ಏರಿದರೆ ಕರಡಿಗೋಡಿನವರಿಗೂ ದಾರಿ ಯಾವಾಗ ಮುಚ್ಚೀತೆಂದು ಹೇಳಲಾಗದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಜಾರಿ, ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಕಡಿದುಹೋಗಿತ್ತು. ಈ ಜಿಲ್ಲೆಯಲ್ಲಿ ರೈಲು ಇಲ್ಲ. ಇಲ್ಲಿ ಆಗುವುದಿಲ್ಲ ಎಂದರೆ ಮೈಸೂರಿಗೆ ಸುಮಾರು 120 ಕಿಲೋಮೀಟರು ರಸ್ತೆಯಲ್ಲೇ ಹೋಗಬೇಕು. ಹೀಗಿರುವಾಗ ನಿಮ್ಮ ಮಗಳು ಜೀಪಿನವನಿಗೆ ಎರಡು ಸಲ ಫೋನ್ ಮಾಡಿದ್ದು ಕಡಿಮೆಯೇ ಆಯಿತು. ಇನ್ನೊಬ್ಬ ಜೀಪಿನವನ ನಂಬರನ್ನೂ ಅವಳು ಬರೆದಿಟ್ಟುಕೊಳ್ಳಲಿ. 108 ಬರುತ್ತದೆ, ಆದರೆ ಬಿದ್ದ ಮರವನ್ನು ಅದೂ ಹಾರಿ ದಾಟಲಾರದು.

ಚಿಕ್ಕಮ್ಮನ ಮನೆಯ ವಿಚಾರಕ್ಕೆ ಬಂದರೆ ನಿಮ್ಮ ಮಗಳಿಗೆ ನನ್ನ ನಮಸ್ಕಾರ. ಕ್ಯೂಬಾ ದೇಶದಲ್ಲಿ, ಅದೂ ಕಾಫಿ ಬೆಳೆಯುವ ಬೆಟ್ಟಗಳಿರುವ ದೇಶ, 1962ರಲ್ಲೇ ದೂರದ ಹಳ್ಳಿಗಳ ಬಸುರಿಯರು ದಿನ ಹತ್ತಿರವಾದಾಗ ಬಂದು ಇರಲೆಂದು ಆಸ್ಪತ್ರೆಗಳ ಬಳಿ ಮನೆಗಳನ್ನು ತೆರೆದರು. ಅಲ್ಲಿ ಊಟ, ಹಾಸಿಗೆ, ದಿನವೂ ನೋಡುವ ನರ್ಸ್ ಇಷ್ಟೇ. ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ನಮ್ಮಲ್ಲಿ ಮಳೆ ನೋಡಲು ಬರುವ ಪ್ರವಾಸಿಗನಿಗೆ ಗುಡ್ಡ ಕೊರೆದು ಕೋಣೆ ಕಟ್ಟಿದ್ದೇವೆ, ತಿರುವಿಗೊಂದು ಹೋಂ ಸ್ಟೇ ಬೋರ್ಡು ನೇತುಹಾಕಿದ್ದೇವೆ, ಕೋಣೆ ಬೆಚ್ಚಗಿದೆಯೇ ಎಂದು ಅವನನ್ನು ವಿಚಾರಿಸುತ್ತೇವೆ. ಆಸ್ಪತ್ರೆಯ ಹತ್ತಿರ ಚಿಕ್ಕಮ್ಮ ಇಲ್ಲದ ಬಸುರಿ ಎಲ್ಲಿ ಇರಬೇಕು? ಲೈನ್ ಮನೆಯ ಯರವ ಬುಡಕಟ್ಟಿನ ಹೆಂಗಸು, ಕಾಡಂಚಿನ ಹಾಡಿಯ ಜೇನುಕುರುಬರ ಹುಡುಗಿ ಯಾರ ಮನೆಯ ಬಾಗಿಲು ತಟ್ಟಬೇಕು? ನನ್ನ ಹೆಂಡತಿಗಾಗಿ ಮರ ಕಡಿದವರ ಮನೆಯ ಹೆರಿಗೆಗಳಿಗೆ ಮರ ಕಡಿಯಲು ನಾನು ಒಂದು ಸಲವೂ ಎದ್ದು ಹೋಗಿಲ್ಲ ಎಂಬುದನ್ನೂ ಇಲ್ಲೇ ಬರೆದುಬಿಡುತ್ತೇನೆ. ಐವತ್ತು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಗಳನ್ನು ನೋಡಿಕೊಳ್ಳುವ ಕೋಣೆ ಇರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಗಿಡದ ಕೊಂಬೆಗೆ ಸೀರೆಯ ಜೋಲಿ ಕಟ್ಟಿದ್ದನ್ನು ನೋಡದ ಪ್ಲಾಂಟರು ಯಾರಿದ್ದಾರೆ?

ಕೋಪ ಮಾಡಿಕೊಂಡೆ, ಕ್ಷಮಿಸಿ. ಪಟ್ಟಿಗೆ ಮರಳುತ್ತೇನೆ.

ಅದರಲ್ಲಿ ಏನೇನಿದೆ ಎಂದು ನೀವು ಬರೆದಿಲ್ಲ. ತಾಯಿ ಕಾರ್ಡ್ ಚೀಲದಲ್ಲಿ ಮೇಲೆಯೇ ಇರಲಿ. ಅದರಲ್ಲಿ ರಕ್ತದ ಗುಂಪು ಬರೆದಿದೆಯೇ ನೋಡಿ. ಅದೇ ಗುಂಪಿನ ಇಬ್ಬರು ನೆಂಟರು ಮಳೆಯಲ್ಲೂ ಬರಬಲ್ಲಷ್ಟು ಹತ್ತಿರದಲ್ಲಿದ್ದಾರೆಯೇ ಎಂದು ಈಗಲೇ ವಿಚಾರಿಸಿ. ಅವಳದು ನೆಗೆಟಿವ್ ಗುಂಪಾಗಿದ್ದು ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಒಂದು ಚುಚ್ಚುಮದ್ದು ಬೇಕಾಗುತ್ತದೆ. ಸೀಮಂತಕ್ಕೆ ಹಾಲ್ ಹಿಡಿದು, ಫೋಟೋದವನನ್ನು ಕರೆಸಿ, ಐದು ಬಗೆಯ ಚಿತ್ರಾನ್ನ ಮಾಡಿಸುವ ಮನೆಗಳಲ್ಲಿ ಈ ಒಂದು ವಿಚಾರಣೆ ನಡೆಯುವುದಿಲ್ಲ. ನೀರು ಒಡೆದರೆ, ರಕ್ತ ಕಂಡರೆ, ತಲೆನೋವು ವಿಪರೀತವಾಗಿ ಕಣ್ಣು ಮಂಜಾದರೆ, ಮಗುವಿನ ಓಡಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬಾರದು.

ನಿಮ್ಮ ಕೈಯಲ್ಲಿರುವ ಸಿದ್ಧತೆ ಇನ್ನೂ ದೊಡ್ಡದು. ಹುಟ್ಟಿದ ಕೂಡಲೇ ನಾಲಗೆಗೆ ಕೊಡಗಿನ ಜೇನು ಮುಟ್ಟಿಸುವ ಆಸೆ ನಿಮಗೆ ಇದ್ದೇ ಇರುತ್ತದೆ. ನಮ್ಮ ಜೇನಿನ ಬಗ್ಗೆ ನನಗೂ ಅಭಿಮಾನವಿದೆ, ಆದರೆ ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಒಂದು ಜಾತಿಯ ಸೂಕ್ಷ್ಮಾಣು ಮಗುವಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು. ಬಜೆ, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ. ಮೊದಲ ಗಂಟೆಯೊಳಗೆ ತಾಯಿಯ ಮೊದಲ ಹಾಲು, ಆ ಹಳದಿ ಗಟ್ಟಿ ಹಾಲು, ಮಗುವಿನ ಬಾಯಿಗೆ ಸೇರಬೇಕು. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿದ ಮನೆಗಳನ್ನು ನಾನು ಬಲ್ಲೆ. ಮೊದಲ ದಿನವೇ ಸ್ನಾನ ಬೇಡ. ಹೊಕ್ಕುಳಿಗೆ ಬೂದಿ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಡಿ. ಬಾಣಂತಿಯ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವ ಪದ್ಧತಿಯನ್ನಂತೂ ದಯವಿಟ್ಟು ಕೈಬಿಡಿ, ಕೆಂಡದ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ. ಬಟ್ಟೆಗಳನ್ನು ಅಡುಗೆಮನೆಯ ಒಲೆಯ ಮೇಲೆ ಒಣಗಿಸಿಕೊಳ್ಳಿ.

ಹಾಗಾದರೆ ಕರೆಂಟಿಲ್ಲದ ರಾತ್ರಿ ಮಗುವನ್ನು ಬೆಚ್ಚಗಿಡುವುದು ಹೇಗೆ ಎಂದು ಕೇಳುತ್ತೀರಿ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯಲ್ಲಿ, ತೂಕ ಕಡಿಮೆಯ ಮಕ್ಕಳನ್ನಿಡುವ ಯಂತ್ರಗಳು ಸಾಲದೆ, ಎಡ್ಗರ್ ರೇ ಎಂಬ ವೈದ್ಯರು ಅಂಥ ಮಕ್ಕಳನ್ನು ತಾಯಂದಿರ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿದರು. ಮಕ್ಕಳು ಬೆಚ್ಚಗಿದ್ದವು, ಹಾಲು ಕುಡಿದವು, ಬದುಕಿದವು. ಇಂದು ಜಗತ್ತೆಲ್ಲ ಅದನ್ನು ಕಾಂಗರೂ ಆರೈಕೆ ಎನ್ನುತ್ತದೆ. ಎದೆಯ ಮೇಲೆ ಮಗು, ಅದರ ತಲೆಗೆ ಕುಲಾವಿ, ಇಬ್ಬರ ಮೇಲೊಂದು ಕಂಬಳಿ. ಅಳಿಯ ಬಂದರೆ ಅವನ ಎದೆಯೂ ಆಗುತ್ತದೆ, ಅವನನ್ನು ಜಗಲಿಯಲ್ಲೇ ಕೂರಿಸಬೇಡಿ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕು. ಬಂದಾಗ ಕಾಫಿ ಕೊಟ್ಟು ಕಳುಹಿಸಿಬಿಡದೆ ಮಗುವನ್ನು ಬಿಚ್ಚಿ ತೋರಿಸಿ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಹಳ್ಳಿಯ ಹೆಂಗಸರಿಗೇ ಶಿಶುಗಳನ್ನು ಪರೀಕ್ಷಿಸಲು ಕಲಿಸಿ, ತಿಂಗಳೊಳಗಿನ ಶಿಶುಗಳ ಸಾವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದನ್ನು 1999ರಲ್ಲಿ ವೈದ್ಯಲೋಕಕ್ಕೆ ತೋರಿಸಿಕೊಟ್ಟರು. ಈ ಮನೆಭೇಟಿಗಳಿಗೆ ದಾರಿ ತೋರಿದ್ದು ಅವರೇ. ಮಗು ಹಾಲು ಬಿಟ್ಟರೆ, ನಿಮಿಷಕ್ಕೆ 60 ಸಲವೋ ಅದಕ್ಕಿಂತ ಹೆಚ್ಚೋ ಉಸಿರಾಡಿದರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಮತ್ತೆ ಅದೇ ಜೀಪು.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಬಿಸಿಲು ಕಾಣುವ ದಿನ ಸಿಕ್ಕರೆ ಹಳೆಯ ಪಂಚೆಗಳನ್ನು ಕುದಿಸಿ ಒಣಗಿಸಿ, ಅಷ್ಟೂ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಗಂಟು ಹಾಕಿಡಿ, ನಮ್ಮಂತೆ ತೋಯಿಸಿಕೊಳ್ಳಬೇಡಿ. ಆ ಕುಲಾವಿ ಇನ್ನೂ ನಮ್ಮ ಪೆಟ್ಟಿಗೆಯಲ್ಲಿದೆ, ಅಳತೆಗೆ ಬೇಕಾದರೆ ಕಳುಹಿಸುತ್ತೇನೆ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. ಅದಕ್ಕಿಂತ ಬೆರಳಗಲ ಸಡಿಲವಾಗಿರಲಿ, ದಾರ ಗಿಡ್ಡವಾಗಿರಲಿ, ಹೊಲಿಗೆಯ ಅಂಚು ಹೊರಗಡೆಗೆ ಬರಲಿ. ಒಂದೇ ಹೊಲಿಯಬೇಡಿ, ಎರಡು ಹೊಲಿಯಿರಿ; ಪಕ್ಕದ ಹಾಸಿಗೆಯಲ್ಲಿ ಯಾರಿರುತ್ತಾರೋ.