ಅಂಧ ಓಟಗಾರನೊಬ್ಬನ ಕಣ್ಣಿನ ಚಿಕಿತ್ಸೆಗೆ ಜನರಿಂದ ಹಣ ಕೂಡಿಸುವುದು ಹೇಗೆ?

ನಿಮ್ಮ ಊರಿನ 24 ವರ್ಷದ ಅಂಧ ಓಟಗಾರನಿಗೆ ದೃಷ್ಟಿ ಮರಳಿಸುವ ಚಿಕಿತ್ಸೆಯಿದೆ, 6 ಲಕ್ಷ ರೂಪಾಯಿ ಬೇಕು ಎಂದು ಯಾರೋ ಹೇಳಿದ್ದಾರೆಂದೂ, ಆ ಹಣವನ್ನು ಕೂಡಿಸುವ ಕೆಲಸ ಎಲ್ಲಿಂದ ಆರಂಭಿಸಬೇಕೆಂದೂ ಕೇಳಿದ್ದೀರಿ. ಆತನ ದೃಷ್ಟಿ ಹೋದದ್ದು ಯಾವ ಕಾರಣಕ್ಕೆ ಎಂಬುದು ಪ್ರಶ್ನೆಯಲ್ಲಿಲ್ಲ. ಆರಂಭ ಅಲ್ಲಿಂದಲೇ ಆಗಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತವನು.

ಆರು ವರ್ಷ ನಾನೊಬ್ಬ ಅಂಧ ಗೆಳೆಯನಿಗೆ ಗೈಡ್ ರನ್ನರ್ ಆಗಿದ್ದೆ. ಗೇಣುದ್ದದ ಹಗ್ಗದ ಒಂದು ತುದಿ ಆತನ ಬೆರಳಿಗೆ, ಇನ್ನೊಂದು ನನ್ನ ಬೆರಳಿಗೆ. ತಿರುವು ಬಂದಾಗ ನಾನು ‘ಎಡ’ ಎನ್ನುವ ಮೊದಲೇ ಹಗ್ಗದ ಎಳೆತದಿಂದಲೇ ಆತನಿಗೆ ಗೊತ್ತಾಗಿರುತ್ತಿತ್ತು. ಆತನದು ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ ಸವೆಯುವ ವಂಶವಾಹಿ ಕಾಯಿಲೆ: ಹುಡುಗನಾಗಿದ್ದಾಗ ಇರುಳುಗುರುಡಿನಿಂದ ಆರಂಭವಾಗಿ, ನೋಟ ಕೊಳವೆಯಂತೆ ಕಿರಿದಾಗುತ್ತ ಕಡೆಗೆ ಪೂರ್ತಿ ಮುಚ್ಚಿಹೋಗಿತ್ತು. ಒಂದು ಖಾಸಗಿ ಕೇಂದ್ರದವರು ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್‌ನಿಂದ ನೋಟ ಬರುತ್ತದೆಂದು ನಾಲ್ಕೂವರೆ ಲಕ್ಷದ ಅಂದಾಜು ಪಟ್ಟಿ ಕೊಟ್ಟಾಗ ನಾವು ಹಿಂದುಮುಂದು ನೋಡದೆ ಡಬ್ಬಿ ಹಿಡಿದು ಹೊರಟೆವು. ಐದು ವಾರಗಳಲ್ಲಿ 2,80,000 ರೂಪಾಯಿ ಸೇರಿದ ಮೇಲೆ, ದೊಡ್ಡ ಆಸ್ಪತ್ರೆಯೊಂದರ ರೆಟಿನಾ ತಜ್ಞೆ ಫೈಲನ್ನು ಹತ್ತು ನಿಮಿಷ ಓದಿ, ಈ ಕಾಯಿಲೆಗೆ ಇಂಥ ಇಂಜೆಕ್ಷನ್ ಸಾಬೀತಾದ ಚಿಕಿತ್ಸೆಯೇ ಅಲ್ಲ ಎಂದರು. ಹಣ ಹಿಂದಿರುಗಿಸುವುದು ಕೂಡಿಸುವುದಕ್ಕಿಂತ ಕಷ್ಟವಾಯಿತು. ಮೈದಾನದ ಮುಂದಿನ ಚಹಾದಂಗಡಿಯವರಂತೂ ತಮ್ಮ ನೂರು ರೂಪಾಯಿಯನ್ನು ಮುಟ್ಟಲೇ ಇಲ್ಲ; “ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಇಸ್ಕೋತಾರಾ? ಅವನಿಗೊಂದು ಶೂ ಕೊಡಿಸಿ” ಎಂದರು.

ಆದ್ದರಿಂದ ಮೊದಲು ಕಣ್ಣಿನ ಯಾವ ಭಾಗ ಕೆಟ್ಟಿದೆ ಎಂಬುದನ್ನು, ಚಿಕಿತ್ಸೆ ಮಾರುವವರಲ್ಲದ ಇನ್ನೊಬ್ಬ ತಜ್ಞರಿಂದ ಬರಹದಲ್ಲಿ ಪಡೆಯಿರಿ. ಕೆಟ್ಟಿರುವುದು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮಾತ್ರವಾದರೆ ಕಸಿಯಿಂದ ನೋಟ ಮರಳುವ ಸಾಧ್ಯತೆ ನಿಜಕ್ಕೂ ಇದೆ; 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು, ಕಾರ್ನಿಯಾದ ಮುಂಪದರ ಹಿಂಪದರಗಳನ್ನು ಬೇರ್ಪಡಿಸಿ ಕಸಿ ಮಾಡಿದ್ದರಿಂದ. ಕಣ್ಣನ್ನು ಕೊಳ್ಳುವುದೂ ಮಾರುವುದೂ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಪರಾಧ, ಹಾಗಾಗಿ ಅಂದಾಜು ಪಟ್ಟಿಯಲ್ಲಿ ‘ಕಣ್ಣಿನ ಬೆಲೆ’ ಎಂದು ಕಂಡರೆ ಅಲ್ಲಿಂದ ಎದ್ದು ಬನ್ನಿ. ಸುಣ್ಣ ಬಿದ್ದು ಸುಟ್ಟ ಕಣ್ಣಿಗೆ ಕಾರ್ನಿಯಾ ಅಂಚಿನ ಸ್ಟೆಮ್ ಸೆಲ್‌ಗಳನ್ನು ಕಸಿ ಮಾಡುವ ವಿಧಾನವಿದ್ದು, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಅದರಲ್ಲಿ ಹೆಸರು ಮಾಡಿದೆ. ಅದು ನಿಜವಾದ ಚಿಕಿತ್ಸೆ, ನಮಗೆ ಮಾರಲು ಬಂದದ್ದು ಅದರ ಹೆಸರು ಮಾತ್ರ. ರೆಟಿನಾದ ವಂಶವಾಹಿ ಕಾಯಿಲೆಗಳಲ್ಲಿ ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ ಸೀಮಿತ. ಎರಡೂ ಕಣ್ಣಿಗೆ ಅದರ ಘೋಷಿತ ಬೆಲೆ 8,50,000 ಡಾಲರ್ ಆಗಿತ್ತು. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಕೆಡಿಸುವ ಗ್ಲಾಕೋಮಾ ಕಾಯಿಲೆಯಿಂದ ಸತ್ತ ಕಣ್ಣಿನ ನರವನ್ನು ಬದುಕಿಸುವ ದಾರಿ ಇನ್ನೂ ಇಲ್ಲ.

ಇನ್ನೊಂದು ಮಾತು, ಸ್ವಲ್ಪ ಒರಟೆನಿಸಬಹುದು: ನಿಮ್ಮ ಪ್ರಶ್ನೆಯಲ್ಲಿ ಆ ಓಟಗಾರನ ಅಭಿಪ್ರಾಯವೆಲ್ಲೂ ಇಲ್ಲ. ಮೂರನೆಯ ವಯಸ್ಸಿನಲ್ಲಿ ಕುರುಡರಾಗಿ, ಹಿಮದಲ್ಲಿ ಜಾರುವ ಸ್ಕೀಯಿಂಗ್‌ನಲ್ಲಿ ದಾಖಲೆ ಮಾಡಿದ್ದ ಅಮೆರಿಕದ ಮೈಕ್ ಮೇ ಅವರಿಗೆ 2000ದಲ್ಲಿ ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣು ಕಂಡಿತಾದರೂ, ವರ್ಷಗಳು ಕಳೆದ ಮೇಲೂ ಮುಖ ನೋಡಿ ಗುರುತು ಹಿಡಿಯುವುದು ಅವರಿಗೆ ಒಲಿಯಲಿಲ್ಲ, ಏಕೆಂದರೆ ನೋಡುವುದನ್ನು ಮಿದುಳು ಎಳವೆಯಲ್ಲಿ ಕಲಿಯಬೇಕು. ನೋಟ ಬಂದರೆ ಓಟದ ಲೆಕ್ಕವೂ ಬದಲಾಗುತ್ತದೆ, ಏಕೆಂದರೆ ಅಂಧರ ಓಟದ ವರ್ಗಗಳನ್ನು ನೋಟದ ಮಟ್ಟ ನೋಡಿ ಮಾಡಿದ್ದಾರೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದ, ಪೂರ್ತಿ ಅಥವಾ ಬಹುತೇಕ ಕುರುಡರಿಗಿರುವ ಟಿ11 ವರ್ಗದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೈಡ್ ಜೊತೆ ಓಡಬೇಕು. ಸ್ವಲ್ಪ ನೋಟ ಉಳಿದಿರುವವರ ಟಿ13ರಲ್ಲಿ ಗೈಡ್ ಇರುವುದಿಲ್ಲ. ನೋಟ 6/60ಕ್ಕಿಂತ (ಸಾಮಾನ್ಯರಿಗೆ 60 ಮೀಟರ್ ದೂರದಿಂದ ಕಾಣುವುದು 6 ಮೀಟರ್‌ನಿಂದ ಮಾತ್ರ ಕಾಣುವ ಮಟ್ಟ) ಚೆನ್ನಾಗಿ ಸುಧಾರಿಸಿ ಅದರ ವಿಸ್ತಾರವೂ ಸರಿಯಿದ್ದರೆ ಯಾವ ವರ್ಗದಲ್ಲೂ ಜಾಗವಿಲ್ಲ. ಅದನ್ನೆಲ್ಲ ತಿಳಿದೂ ಆತ ಬೇಕೆಂದರೆ ಮುಂದುವರಿಯಿರಿ. ನನ್ನ ಗೆಳೆಯನನ್ನು ನಾವ್ಯಾರೂ ಕೇಳಿರಲೇ ಇಲ್ಲ.

ಹಣದ ವಿಷಯಕ್ಕೆ ಬಂದರೆ, ಜನರ ಬಳಿ ಹೋಗುವ ಮೊದಲು ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಈ ಚಿಕಿತ್ಸೆ ಸೇರಿದೆಯೇ ಎಂದು ವಿಚಾರಿಸಿ, ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಿ, ಎಲ್.ವಿ. ಪ್ರಸಾದ್, ಶಂಕರ ಕಣ್ಣಿನ ಆಸ್ಪತ್ರೆಯಂಥ ಕಡೆ ಬಡವರಿಗೆ ಉಚಿತ ವ್ಯವಸ್ಥೆಯೂ ಇದೆ. ಇಷ್ಟಾದ ಮೇಲೆ 6 ಲಕ್ಷದಲ್ಲಿ ಎಷ್ಟು ಉಳಿಯುತ್ತದೋ ನೋಡಿ. ಮಿಲಾಪ್, ಕೆಟ್ಟೋ ಮುಂತಾದ, ಜನರಿಂದ ಹಣ ಕೂಡಿಸುವ ಜಾಲತಾಣಗಳಲ್ಲಿ ಮನವಿ ಹಾಕುವುದಾದರೆ ಹಣ ನೇರವಾಗಿ ಆಸ್ಪತ್ರೆಯ ಖಾತೆಗೆ ಹೋಗುವಂತೆ ಮಾಡಿ, ಏಕೆಂದರೆ ವರ್ಷದಲ್ಲಿ 50,000 ರೂಪಾಯಿ ಮೀರಿ ಬಂಧುಗಳಲ್ಲದವರಿಂದ ಒಬ್ಬರ ಖಾತೆಗೆ ಬಂದ ಕೊಡುಗೆ ತೆರಿಗೆಗೆ ಒಳಪಡುತ್ತದೆ. ವಿದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಡುವುದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ ಅಡ್ಡಿಯಿಲ್ಲ. ಪೌರತ್ವ ಬದಲಿಸಿಕೊಂಡವರ ಹಣಕ್ಕೆ ಆ ಕಾಯ್ದೆ ಅನ್ವಯಿಸುತ್ತದೆ.

ಕಸಿಯ ನಂತರ ತಿಂಗಳುಗಟ್ಟಲೆ ಹಾಕಬೇಕಾದ ಸ್ಟೀರಾಯ್ಡ್ ಹನಿ, ಮತ್ತೆ ಮತ್ತೆ ತಪಾಸಣೆಗೆ ಬಸ್ಸಿನ ಖರ್ಚು, ಜೊತೆಗೆ ಹೋಗುವವರ ಕೂಲಿ ನಷ್ಟ, ಇವೆಲ್ಲವನ್ನೂ ಮೊತ್ತದಲ್ಲಿ ಸೇರಿಸಿ. ಚಿಕಿತ್ಸೆ ನಿಂತುಹೋದರೆ ಅಥವಾ ಹಣ ಮಿಕ್ಕರೆ ಏನು ಮಾಡುತ್ತೀರೆಂಬುದನ್ನೂ ಮನವಿಯಲ್ಲೇ ಬರೆಯಿರಿ. ನಾವು ಬರೆದಿರಲಿಲ್ಲ, ಹೆಸರಿನ ಜಾಗದಲ್ಲಿ ಬರೀ ‘ಅಜ್ಜಿ, 50’ ಎಂದು ಬರೆದುಕೊಂಡಿದ್ದ ನೋಟ್‌ಬುಕ್ ಹಿಡಿದು ಹಣ ಹಿಂದಿರುಗಿಸಲು ಎರಡು ಭಾನುವಾರ ಬೀದಿ ಅಲೆದೆವು.